ಟ್ರಿಗರ್ ಮೀನಿನ ಎದುರು ತುಮಕೂರಿನ ಅಕ್ರಿಲಿಕ್ ಪೆಟ್ಟಿಗೆ

ತುಮಕೂರಿನಲ್ಲಿ ಸಮುದ್ರದ ಮೀನು ಸಾಕಲು ಉಪ್ಪುನೀರಿನ ಟ್ಯಾಂಕ್ ಇಟ್ಟವರು ಹೆಚ್ಚುಕಮ್ಮಿ ಎಲ್ಲದಕ್ಕೂ ಬೆಂಗಳೂರಿನ ಕಡೆ ನೋಡಬೇಕು. ಸಾಲ್ಟ್ ಮಿಕ್ಸ್ ಅಲ್ಲಿಂದ, ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರ್ ಅಲ್ಲಿಂದ, ಮೀನಂತೂ ಅಲ್ಲಿಂದಲೇ. 70 ಕಿಲೋಮೀಟರ್ ದಾರಿ. ಆದರೆ ಒಂದು ಸಾಮಾನನ್ನು ಊರಲ್ಲೇ ಮಾಡಿಸಿಕೊಳ್ಳಬಹುದು, ಅದೂ ಹೊರಗಿನಿಂದ ತರಿಸಿದ್ದಕ್ಕಿಂತ ಚೆನ್ನಾಗಿ. ಹೊಸ ಮೀನನ್ನು ಹಳೆಯ ಮೀನುಗಳ ಬಾಯಿಗೆ ಸಿಗದಂತೆ ಕಾಪಾಡಿ, ಎರಡು ವಾರ ಪರಸ್ಪರ ಪರಿಚಯ ಮಾಡಿಸುವ ಅಕ್ರಿಲಿಕ್ ಪೆಟ್ಟಿಗೆ ಅದು. ಸೈನ್‌ಬೋರ್ಡ್, ನೇಮ್‌ಪ್ಲೇಟ್ ಮಾಡುವ, ಲೇಸರ್ ಕಟಿಂಗ್ ಮಷಿನ್ ಇರುವ ಯಾವ ಅಂಗಡಿಯಾದರೂ ಮಾಡಿಕೊಡುತ್ತದೆ. ಈ ವಿಮರ್ಶೆ ಒಂದು ಅಂಗಡಿಯದ್ದಲ್ಲ, ಅಂಥ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಪೆಟ್ಟಿಗೆಯದ್ದು.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ. ಆದರೆ ಗೋಡೆ ಗಟ್ಟಿಯಾಗಿದೆ ಎಂಬ ಕಾರಣಕ್ಕಲ್ಲ. ಒಳಗಿನ ಮೀನಿಗೆ ಹೊರಗಿನವರ ಕಣ್ಣೆದುರೇ ಊಟ ಹಾಕಲು ಸಾಧ್ಯವಾದರೆ ಮಾತ್ರ ಅದು ಉಪಯೋಗದ ವಸ್ತು. ಇಲ್ಲದಿದ್ದರೆ ಹದಿನಾಲ್ಕು ದಿನದ ಉಪವಾಸದ ಜೈಲು. ಮಾರುಕಟ್ಟೆಯಲ್ಲಿರುವ ಬಹಳಷ್ಟು ಪೆಟ್ಟಿಗೆಗಳು ಸೋಲುವುದು ಇಲ್ಲೇ.

ಪರೀಕ್ಷೆಗೆ ಇಟ್ಟ ಪೆಟ್ಟಿಗೆ 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. 5 ಮಿ.ಮೀ. ದಪ್ಪದ ಪಾರದರ್ಶಕ ಶೀಟ್. ತಳ, ಮುಚ್ಚಳ, ನಾಲ್ಕು ಗೋಡೆ ಸೇರಿದರೆ 8 ಚದರ ಅಡಿಗೆ ಸ್ವಲ್ಪ ಕಡಿಮೆ ಶೀಟ್ ಬೇಕು. ಅಂಗಡಿಯವರು ದರ ಹೇಳುವುದು ಚದರ ಅಡಿ ಲೆಕ್ಕದಲ್ಲಿ, ಕಟಿಂಗ್ ಮತ್ತು ಅಂಟಿಸುವ ಕೂಲಿ ಬೇರೆ. ಸಿದ್ಧವಾದ ಪೆಟ್ಟಿಗೆ ಸುಮಾರು 4 ಕಿಲೋ ತೂಗುತ್ತದೆ. ಅಕ್ರಿಲಿಕ್ ಉಪ್ಪುನೀರಿಗಿಂತ ಸ್ವಲ್ಪವೇ ಭಾರ, ಹಾಗಾಗಿ ಪೂರ್ತಿ ಮುಳುಗಿದಾಗ ಅರ್ಧ ಕಿಲೋದಷ್ಟು ಮಾತ್ರ ಕೆಳಕ್ಕೆ ಎಳೆಯುತ್ತದೆ. ಆದರೆ ಮುಚ್ಚಳ ನೀರಿನಿಂದ 5 ಸೆಂ.ಮೀ. ಮೇಲಿರುವಂತೆ ನೇತುಹಾಕಿದರೆ ಕೊಕ್ಕೆಗಳ ಮೇಲೆ ಒಂದೂವರೆ ಕಿಲೋ ದಾಟಿ ಭಾರ ಬೀಳುತ್ತದೆ. ರಬ್ಬರ್ ಸಕ್ಷನ್ ಕಪ್ ಇದನ್ನು ಒಂದು ರಾತ್ರಿ ತಡೆದರೆ ದೊಡ್ಡದು, ಜೊತೆಗೆ ಗಟ್ಟಿ ಹಲ್ಲಿನ ಜಗಳಗಂಟ ಟ್ರಿಗರ್ ಮೀನಿಗೆ ಆ ರಬ್ಬರ್ ಕಚ್ಚಿ ಎಳೆಯುವ ಚಪಲ ಬೇರೆ. ಅಂಚಿಗೆ ಸಿಕ್ಕಿಸುವ ಅಕ್ರಿಲಿಕ್ ಕೊಕ್ಕೆಯನ್ನೇ ಕೇಳಿ. ಆರು ಅಡಿಯ 12 ಮಿ.ಮೀ. ಗಾಜಿನ ಟ್ಯಾಂಕ್‌ಗಳಲ್ಲಿ ಮೇಲಂಚಿಗೆ ಒಳಮುಖವಾಗಿ ಗಾಜಿನ ಪಟ್ಟಿ ಅಂಟಿಸಿರುತ್ತಾರೆ; ಕೊಕ್ಕೆ ಅದನ್ನು ದಾಟಿ ಇಳಿಯಬೇಕು. ಆರ್ಡರ್ ಕೊಡುವ ಮುಂಚೆ ಆ ಪಟ್ಟಿಯ ಅಗಲ ಅಳೆಯದೆ ಹೋದರೆ ಪೆಟ್ಟಿಗೆ ಮನೆಗೆ ಬಂದ ದಿನವೇ ವಾಪಸ್ ಅಂಗಡಿಗೆ.

ಶೀಟ್ ವಿಷಯದಲ್ಲಿ ಸ್ವಲ್ಪ ಜಿಪುಣತನ ಬಿಡಬೇಕು. ಅಕ್ರಿಲಿಕ್‌ನಲ್ಲಿ ಕಾಸ್ಟ್ ಮತ್ತು ಎಕ್ಸ್‌ಟ್ರೂಡೆಡ್ ಎಂದು ಎರಡು ಜಾತಿ. ನೋಡಲು ಒಂದೇ, ಬಾಳಿಕೆ ಬೇರೆ. ತುಂಡೊಂದರ ಮೇಲೆ ಲೇಸರ್‌ನಲ್ಲಿ ಒಂದು ಗೆರೆ ಕೆತ್ತಿಸಿ ನೋಡಿ: ಗೆರೆ ಬೆಳ್ಳಗೆ ಮಂಜು ಹಿಡಿದಂತೆ ಕಂಡರೆ ಕಾಸ್ಟ್, ಗಾಜಿನಂತೆ ಬಣ್ಣವಿಲ್ಲದೆ ಕಂಡರೆ ಎಕ್ಸ್‌ಟ್ರೂಡೆಡ್. ಕಾಸ್ಟ್ ತೆಗೆದುಕೊಳ್ಳಿ. ಜೋಡಿಸಲು ಇಲ್ಲಿನ ಅಂಗಡಿಗಳು ಬಳಸುವುದು ಕ್ಲೋರೋಫಾರ್ಮ್. ಅದು ಅಂಟಲ್ಲ, ಎರಡು ಅಂಚನ್ನು ಕರಗಿಸಿ ಒಂದು ಮಾಡುವ ದ್ರವ, ಆರಿದ ಮೇಲೆ ಉಳಿಯುವುದಿಲ್ಲ. ಇಲ್ಲಿ ಒಂದು ತೊಡಕಿದೆ. ಲೇಸರ್ ಕತ್ತರಿಸಿದ ಅಂಚಿನಲ್ಲಿ ಬಿಸಿಯ ಬಿಗಿತ ಉಳಿದಿರುತ್ತದೆ. ಅದಕ್ಕೆ ಕ್ಲೋರೋಫಾರ್ಮ್ ಮುಟ್ಟಿದರೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಕೆಲವು ಸಲ ವಾರ ಕಳೆದ ಮೇಲೆ. ತೂತುಗಳನ್ನು ಲೇಸರ್‌ನಲ್ಲಿ ಹೊಡೆಯಲಿ, ಅಡ್ಡಿಯಿಲ್ಲ. ಜೋಡಿಸುವ ಅಂಚುಗಳನ್ನು ಗರಗಸ ಅಥವಾ ರೌಟರ್‌ನಲ್ಲಿ ಕತ್ತರಿಸಲು ಹೇಳಿ. ಸಿಲಿಕಾನ್ ಹಚ್ಚುತ್ತೇವೆ ಅಂದರೆ ಬೇಡ ಅನ್ನಿ. ಗಾಜಿಗೆ ಹಿಡಿದಂತೆ ಅದು ಅಕ್ರಿಲಿಕ್‌ಗೆ ಹಿಡಿಯುವುದಿಲ್ಲ.

ಲೋಹ ಎಲ್ಲೂ ಇರಬಾರದು. ನೇಮ್‌ಪ್ಲೇಟ್ ಅಂಗಡಿಯವರಿಗೆ ಮುಚ್ಚಳಕ್ಕೆ ಪುಟ್ಟ ಹಿತ್ತಾಳೆ ಕೀಲು ಹಾಕಿ ಚೆಂದ ಮಾಡುವ ಆಸೆ. ಹಿತ್ತಾಳೆಯಲ್ಲಿ ತಾಮ್ರ ಇದೆ, ಉಪ್ಪುನೀರು ಅದನ್ನು ನಿಧಾನವಾಗಿ ಕರಗಿಸುತ್ತದೆ. ಸಾಧಾರಣ ಸ್ಟೀಲ್ ಸ್ಕ್ರೂ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಎರಡು ಸಾಕು, ಕೀಲಿನ ಕೆಲಸವೂ ಅದೇ ಮಾಡುತ್ತದೆ.

ಇನ್ನು ತೂತುಗಳು. 8 ಮಿ.ಮೀ. ವ್ಯಾಸ, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 20 ಮಿ.ಮೀ. ಹೀಗೆ ಹೊಡೆದರೆ ಗೋಡೆಯ ಎಂಟನೇ ಒಂದು ಭಾಗದಷ್ಟು ಜಾಗ ತೆರೆದಿರುತ್ತದೆ, ನೀರು ಆಡಲು ಅಷ್ಟು ಬೇಕು. ಏನೂ ಹೇಳದಿದ್ದರೆ ಅಂಗಡಿಯವರು ತಳದವರೆಗೂ ತೂತು ಹೊಡೆದು ಕೊಡುತ್ತಾರೆ, ಮೊದಲ ಪೆಟ್ಟಿಗೆಯ ದೊಡ್ಡ ದೋಷ ಅದೇ ಆಗಿತ್ತು. ಒಳಗೆ ಹಾಕಿದ ಸಿಗಡಿ ಚೂರು ಉರುಳಿ ತಳದ ತೂತಿಗೆ ಬರುತ್ತದೆ. ಹೊರಗೆ ಟ್ರಿಗರ್ ಬಾಯಿ ಹಾಕಿಕೊಂಡು ಕಾಯುತ್ತಿರುತ್ತದೆ. ಎರಡೇ ದಿನದಲ್ಲಿ ಅದಕ್ಕೆ ಪೆಟ್ಟಿಗೆ ಅಂದರೆ ಊಟ ಉದುರಿಸುವ ಮರ. ಆಮೇಲೆ ಬೆಳಗಿನಿಂದ ಸಂಜೆವರೆಗೆ ಅದರ ಕೆಳಗೇ ಬಿಡಾರ. ಒಳಗಿರುವ ಮೀನು ಮೇಲಿನ ಮೂಲೆಯಲ್ಲಿ ಮುದುಡಿ ನಿಲ್ಲುತ್ತದೆ. ತಳದಿಂದ 5 ಸೆಂ.ಮೀ.ವರೆಗೆ ಗೋಡೆಯಲ್ಲಿ ಒಂದೂ ತೂತಿಲ್ಲದೆ ತಟ್ಟೆಯ ಹಾಗೆ ಬಿಡಿಸಿದ ಎರಡನೇ ಪೆಟ್ಟಿಗೆಯಲ್ಲಿ ಈ ಕಾಟ ತಪ್ಪಿತು. ಉಳಿದ ಚೂರು ಆ ತಟ್ಟೆಯಲ್ಲೇ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟು ಏರ್ ಪಂಪಿನ ಸಣ್ಣ ಟ್ಯೂಬಿನಿಂದ ಎಳೆದು ತೆಗೆಯಬಹುದು.

ಮುಚ್ಚಳದಲ್ಲಿ ಒಂದು ದುಂಡು ಕಿಂಡಿ ಇರಲಿ, 40 ಮಿ.ಮೀ. ಪಿವಿಸಿ ಪೈಪ್ ಸಲೀಸಾಗಿ ಇಳಿಯಲು 42 ಮಿ.ಮೀ. ಸಾಕು. ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಬೆಲೆ ಬಾಳುವ ಜಾಗ ಇದು. ಒಂದಡಿ ಪೈಪಿನ ತುಂಡನ್ನು ಕಿಂಡಿಯಲ್ಲಿ ನಿಲ್ಲಿಸಿ, ಊಟ ಅದರೊಳಗೆ ಹಾಕಿ ಸ್ವಲ್ಪ ಟ್ಯಾಂಕ್ ನೀರು ಹುಯ್ದರೆ ಚೂರುಗಳು ನೇರ ತಳದ ತಟ್ಟೆಗೆ ಇಳಿಯುತ್ತವೆ. ಪ್ರತಿ ಸಲ ಮುಚ್ಚಳ ತೆರೆದು ಕೈ ಹಾಕಿದರೆ ಒಳಗಿನ ಮೀನು ಹೆದರಿ ಗೋಡೆಗೆ ಬಡಿದುಕೊಳ್ಳುತ್ತದೆ, ಊಟದ ಹೊತ್ತು ಅಂದರೆ ಅದಕ್ಕೆ ಗಾಬರಿಯ ಹೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಬರುವ ರೆಡಿಮೇಡ್ ಪೆಟ್ಟಿಗೆಗಳಲ್ಲಿ ಈ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ.

ಬಾಗಿಲು ಚಿಕ್ಕ ಗೋಡೆಯಲ್ಲಿ, ಮೇಲಕ್ಕೆ ಎಳೆಯುವಂತೆ, 20 ಸೆಂ.ಮೀ. ಅಗಲ. 5 ಮಿ.ಮೀ. ಶೀಟಿಗೆ 5 ಮಿ.ಮೀ. ಗಾಡಿ, ಅಂದರೆ ಬಾಗಿಲು ಜಾರುವ ಸೀಳು, ಬಿಟ್ಟರೆ ಮರಳಿನ ಕಣ, ಸುಣ್ಣದ ಪಾಚಿ ಸೇರಿ ವಾರದಲ್ಲಿ ಬಿಗಿಯುತ್ತದೆ, ಆರೂವರೆ ಬಿಡಿಸಿ. ಮುಚ್ಚಳದಿಂದ ಎತ್ತಿ ಬಿಡುವ ಬದಲು ಪಕ್ಕದ ಬಾಗಿಲೇ ಯಾಕೆ ಅಂದರೆ, ಪಫರ್ ಜಾತಿಯನ್ನು ನೀರಿನಿಂದ ಮೇಲೆತ್ತಬಾರದು. ಹೆದರಿದಾಗ ಅದು ಗಾಳಿ ನುಂಗಿ ಉಬ್ಬಿದರೆ ಅದನ್ನು ಹೊರಹಾಕಲು ಬಹಳ ಕಷ್ಟಪಡುತ್ತದೆ. ಬಲೆಗೂ ಒಂದು ಆಕ್ಷೇಪ ಇದೆ: ಟ್ಯಾಂಗ್ ಮೀನಿನ ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿದೆ, ಬಲೆಯ ನೂಲಿಗೆ ಸಿಕ್ಕಿಕೊಂಡರೆ ಕತ್ತರಿಸಿಯೇ ಬಿಡಿಸಬೇಕು. ಸಿಹಿನೀರಿನ ಗಪ್ಪಿ ಮರಿಗೆ ಮಾರುವ ಬಲೆ ಪೆಟ್ಟಿಗೆಗಳನ್ನು ಇಲ್ಲಿ ಯೋಚಿಸಲೇ ಬೇಡಿ, ಟ್ರಿಗರ್ ಅದನ್ನು ಒಂದು ಮಧ್ಯಾಹ್ನದಲ್ಲಿ ಹರಿದುಹಾಕುತ್ತದೆ.

ಎಗ್‌ಕ್ರೇಟ್ ಶೀಟ್ ಹಾಕಿ ಟ್ಯಾಂಕನ್ನೇ ಎರಡು ಭಾಗ ಮಾಡುವುದು ಇನ್ನೊಂದು ದಾರಿ. ಫಾಲ್ಸ್ ಸೀಲಿಂಗ್ ದೀಪದ ಕೆಳಗೆ ಹಾಕುವ ಪ್ಲಾಸ್ಟಿಕ್ ಚೌಕುಳಿ ಜಾಲರಿ ಅದು. ತುಮಕೂರಿನಲ್ಲಿ ಎಗ್‌ಕ್ರೇಟ್ ಎಂದು ಕೇಳಿದರೆ ಮೊಟ್ಟೆ ಟ್ರೇ ತಂದಿಡುತ್ತಾರೆ, ದೀಪದ ಜಾಲರಿ ಎಂದು ಬಿಡಿಸಿ ಹೇಳಬೇಕು. 20 ಸೆಂ.ಮೀ. ದಾಟಿದ ಮೀನಿಗೆ ಪೆಟ್ಟಿಗೆ ಚಿಕ್ಕದಾಗುತ್ತದೆ, ಆಗ ಈ ಜಾಲರಿಯೇ ಗತಿ. ಆದರೆ ಬಂಡೆಗಳ ನಡುವೆ ಸಂದಿಯಿಲ್ಲದೆ ನಿಲ್ಲಿಸುವುದು ಸುಲಭವಲ್ಲ, ಬೆರಳಗಲ ಜಾಗ ಉಳಿದರೂ ಹಾವಿನಂಥ ಈಲ್ ಮೀನು ಆಚೆ ಹೋಗಿರುತ್ತದೆ. ಕ್ಲೌನ್ ಟ್ರಿಗರ್‌ನಂಥದ್ದು ಜಾಲರಿಯ ಕಡ್ಡಿಯನ್ನು ಮುರಿಯುವುದೂ ಉಂಟು. 5 ಮಿ.ಮೀ. ಅಕ್ರಿಲಿಕ್ ಮೇಲೆ ಹಲ್ಲಿನ ಗೀರು ಮಾತ್ರ ಉಳಿಯುತ್ತದೆ.

ಪೆಟ್ಟಿಗೆ ಮನೆಗೆ ಬಂದ ಕೂಡಲೇ ನೀರಿಗಿಳಿಸಬೇಡಿ. ಎರಡು ದಿನ ಫ್ಯಾನ್ ಕೆಳಗೆ, ಮುಚ್ಚಳ ತೆರೆದು. ಆಮೇಲೆ ಒಂದು ದಿನ ಆರ್‌ಒ ನೀರಿನಲ್ಲಿ ನೆನೆಸಿ, ನೀರು ಬದಲಿಸಿ ಇನ್ನೊಂದು ದಿನ. ಕ್ಲೋರೋಫಾರ್ಮ್‌ನ ಸಿಹಿ ವಾಸನೆ ಪೂರ್ತಿ ಹೋಗಿರಬೇಕು. ತೂತಿನ ಅಂಚುಗಳನ್ನು 400, ಮತ್ತೆ 800 ನಂಬರಿನ ನೀರು ಪೇಪರ್‌ನಲ್ಲಿ ಉಜ್ಜಿ. ಪಫರ್‌ನ ಉಬ್ಬಿದ ಕಣ್ಣು ಚೂಪು ಅಂಚಿಗೆ ತಾಗಿದರೆ ಗೀರಾಗಿ ಬಿಳಿ ಪೊರೆ ಕಟ್ಟುತ್ತದೆ.

ಪೆಟ್ಟಿಗೆಯನ್ನು ಕ್ವಾರಂಟೈನ್ ಎಂದು ತಿಳಿದುಕೊಳ್ಳುವುದು ದುಬಾರಿ ತಪ್ಪು. ಒಳಗಿನ ನೀರೂ ಹೊರಗಿನ ನೀರೂ ಒಂದೇ. ಬಿಳಿ ಚುಕ್ಕೆ ರೋಗದ ಪರಾವಲಂಬಿ, ಅಂದರೆ ಕ್ರಿಪ್ಟೋಕ್ಯಾರಿಯಾನ್, ತೂತಿನಿಂದ ಆರಾಮವಾಗಿ ಹೊರಗೆ ಬರುತ್ತದೆ. ಪೌಡರ್ ಬ್ಲೂ ಟ್ಯಾಂಗ್‌ಗೆ ಈ ರೋಗ ಅಂಟುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬೇರೆ ಟ್ಯಾಂಕ್‌ನಲ್ಲಿ ಕನಿಷ್ಠ ನಾಲ್ಕು ವಾರ ಇಟ್ಟು, ಊಟ ಹಿಡಿಸಿ, ರೋಗವಿಲ್ಲ ಎಂದಾದ ಮೇಲೆ ಪೆಟ್ಟಿಗೆಯ ಸರದಿ.

ಈಗ ನಿಜವಾದ ಪರೀಕ್ಷೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರದ, 800 ಲೀಟರ್ ಸುಮಾರಿನ ಟ್ಯಾಂಕ್. ಒಳಗೆ ನೈಜರ್ ಟ್ರಿಗರ್, ಮುಳ್ಳು ಪಫರ್, ಎಂಪರರ್ ಏಂಜೆಲ್, ಲಯನ್‌ಫಿಶ್, ಸ್ನೋಫ್ಲೇಕ್ ಈಲ್. ಹೊಸದಾಗಿ ಬರುವುದು ಪೌಡರ್ ಬ್ಲೂ ಟ್ಯಾಂಗ್. ಈ ಟ್ಯಾಂಕ್‌ನಲ್ಲಿ ಜಗಳ ಎರಡು ಕಾರಣಕ್ಕೆ ಹುಟ್ಟುತ್ತದೆ. ಜಾಗ ಒಂದು: ಯಾವ ಗುಹೆ ಯಾರದು, ಯಾವ ಬಂಡೆಯ ಪಾಚಿ ಯಾರದು. ಊಟ ಇನ್ನೊಂದು. ಆಕಾರ, ಬಣ್ಣ, ಆಹಾರ ಮೂರೂ ಹೋಲುವ ಮೀನೇ ದೊಡ್ಡ ಶತ್ರು, ಆದ್ದರಿಂದ ಟ್ಯಾಂಗ್ ಮೇಲೆ ಮೊದಲು ಏರಿ ಬರುವುದು ಟ್ರಿಗರ್‌ಗಿಂತ ಏಂಜೆಲ್ ಆಗಿರುವ ಸಾಧ್ಯತೆ ಹೆಚ್ಚು, ಇಬ್ಬರೂ ಪಾಚಿ ಮೇಯುವವರು.

ಖಾಲಿ ಪೆಟ್ಟಿಗೆಯನ್ನು ಒಂದು ದಿನ ಮೊದಲೇ ಟ್ಯಾಂಕ್‌ನಲ್ಲಿ ನೇತುಹಾಕಿ. ಹೊಸ ವಸ್ತುವನ್ನು ಕಚ್ಚಿ ನೋಡುವ ಚಟ ತೀರಲಿ. ಟ್ರಿಗರ್ ಮಲಗುವ ಸಂದಿಯಿಂದ ಆದಷ್ಟು ದೂರ, ಆದರೆ ಅಲೆ ಎಬ್ಬಿಸುವ ಪಂಪ್ ಆದ ವೇವ್‌ಮೇಕರ್‌ನ ನೀರು ಬಂದು ತಾಗುವ ಕಡೆ. ಪೆಟ್ಟಿಗೆಯೊಳಗಿನ ನೀರು 31 ಲೀಟರ್‌ನಷ್ಟೇ, ಅದು ಹೊರಗಿನ ನೀರಿನೊಂದಿಗೆ ಬೆರೆಯುತ್ತಿರದಿದ್ದರೆ ಆಮ್ಲಜನಕ ಬೇಗ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಚಿಲ್ಲರ್ ಇಲ್ಲದ ಟ್ಯಾಂಕ್ 30 ಡಿಗ್ರಿ ಮುಟ್ಟಿದರೆ ಇನ್ನೂ ಬೇಗ. ಬೆಸ್ಕಾಂ ಕರೆಂಟ್ ತೆಗೆದಾಗ ಮೊದಲು ಉಸಿರು ಕಟ್ಟುವುದು ಪೆಟ್ಟಿಗೆಯಲ್ಲಿರುವವರಿಗೆ. ಬ್ಯಾಟರಿ ಏರ್ ಪಂಪಿನ ಕಲ್ಲು ಪೆಟ್ಟಿಗೆಯ ಒಳಗೇ ಇರಲಿ, ಹೊರಗಲ್ಲ.

ಮೊದಲ ದಿನ ದೀಪ ಆರಿಸಿ ಮೀನನ್ನು ಪೆಟ್ಟಿಗೆಯೊಳಗೆ ಬಿಡಿ. ಒಳಗೆ ಒಂದು ಪಿವಿಸಿ ಎಲ್ಬೋ ಇಟ್ಟರೆ ಅಡಗಲು ಜಾಗ ಆಗುತ್ತದೆ. ಅವತ್ತು ಊಟ ಕೊಟ್ಟರೂ ಮುಟ್ಟುವುದಿಲ್ಲ. ಎರಡನೇ ದಿನದಿಂದ ಊಟದ ಕ್ರಮ ಶುರು. ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ ಲೆಕ್ಕ: ಮೊದಲು ಹೊರಗಿನವರಿಗೆ ಬಡಿಸಿ, ಅವರು ಬಾಯಾಡಿಸಲು ತೊಡಗಿದ ಎರಡು ನಿಮಿಷದ ಮೇಲೆ ಒಳಗಿನವರಿಗೆ. ಇದನ್ನು ತಿರುಗಿಸಿದರೆ ಒಳಗಿನ ವಾಸನೆಗೆ ಟ್ರಿಗರ್, ಪಫರ್ ಎರಡೂ ಗೋಡೆಗೆ ಬಂದು ಬಡಿಯುತ್ತವೆ. ಸಿಗದ ಊಟದ ಸಿಟ್ಟು ಪೂರ್ತಿ ಹೊಸಬನ ಮೇಲೆ.

ಎರಡು ಮೂರನೇ ದಿನ ಹೊರಗಿನವರ ಊಟ ಪೆಟ್ಟಿಗೆಯಿಂದ ದೂರದ ತುದಿಯಲ್ಲಿ. ನಾಲ್ಕು ಐದನೇ ದಿನ ಟ್ಯಾಂಕ್‌ನ ನಡುವೆ. ಆರು ಏಳನೇ ದಿನ ಪೆಟ್ಟಿಗೆಯಿಂದ ಒಂದಡಿಯಲ್ಲಿ. ಆಮೇಲೆ ಗೋಡೆಯ ಪಕ್ಕದಲ್ಲೇ. ಗೋಡೆಯಾಚೆ ಈಚೆ ಒಟ್ಟಿಗೆ ಉಣ್ಣುವ ಹಂತ ತಲುಪುವುದೇ ಈ ಪೆಟ್ಟಿಗೆಯ ಉದ್ದೇಶ. ಆ ಹೊಸ ಆಕಾರ ಎದುರಿಗಿದ್ದರೂ ತನ್ನ ಪಾಲಿಗೆ ಕೊರತೆಯಿಲ್ಲ ಎಂಬುದು ಹಳೆಯ ಮೀನಿಗೆ ರೂಢಿಯಾಗಬೇಕು. ಸತತ ಮೂರು ಊಟದಲ್ಲಿ ಹೊರಗಿನವರು ಪೆಟ್ಟಿಗೆಯ ಕಡೆ ತಿರುಗದೆ ಉಂಡರೆ, ಒಳಗಿನ ಮೀನೂ ಮೂರೂ ಸಲ ಹೊಟ್ಟೆ ತುಂಬ ತಿಂದರೆ ಬಾಗಿಲು ತೆಗೆಯಬಹುದು. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನ. ಕ್ಯಾಲೆಂಡರ್ ನೋಡಿ ತೆಗೆಯುವುದಲ್ಲ, ಊಟ ನೋಡಿ ತೆಗೆಯುವುದು. ಒಳಗಿನ ಮೀನು ನಾಲ್ಕು ದಿನವಾದರೂ ಬಾಯಿ ಬಿಡದಿದ್ದರೆ ಪೆಟ್ಟಿಗೆಯ ಮೂರು ಗೋಡೆಗೆ ಹೊರಗಿನಿಂದ ಬಿಳಿ ಪ್ಲಾಸ್ಟಿಕ್ ಶೀಟ್ ಕಟ್ಟಿ ಮರೆ ಮಾಡಿ. ತಿನ್ನಲು ತೊಡಗಿದ ಮೇಲೆ ದಿನಕ್ಕೊಂದು ಶೀಟ್ ತೆಗೆಯುತ್ತಾ ಬನ್ನಿ.

ಏನು ಹಾಕಬೇಕು? ಟ್ಯಾಂಗ್‌ಗೆ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆ, ಉಪ್ಪು ಎಣ್ಣೆ ಸವರದ ಸಾದಾ ಹಾಳೆ. ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿ ತಟ್ಟೆಯಲ್ಲಿಟ್ಟರೆ ಮೇಯುವಂತೆ ತಿನ್ನುತ್ತದೆ. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ. ಹೊರಗೆ ಏಂಜೆಲ್‌ಗೂ ಒಂದು ನೋರಿ ಕ್ಲಿಪ್, ಎದುರು ತುದಿಯಲ್ಲಿ. ಬಾಗಿಲು ತೆಗೆದ ಮೇಲೂ ಕನಿಷ್ಠ ಒಂದು ತಿಂಗಳು ಎರಡು ಕ್ಲಿಪ್ ಇರಲೇಬೇಕು. ಒಂದೇ ಕ್ಲಿಪ್ ಇದ್ದರೆ ಯಜಮಾನಿಕೆ ಅಲ್ಲೇ ಹುಟ್ಟುತ್ತದೆ.

ಮಾಂಸಾಹಾರಿಗಳಿಗೆ ತುಮಕೂರಿನ ಮೀನು ಮಾರುಕಟ್ಟೆಯಲ್ಲಿ ಸಿಗುವುದೇ ಸಾಕು, ಆಯ್ಕೆ ಮಾತ್ರ ಸರಿ ಇರಬೇಕು. ಸಿಗಡಿ ಸಿಪ್ಪೆ ಸಮೇತ ಕೊಳ್ಳಿ. ಸುಲಿದು ಪ್ಯಾಕ್ ಮಾಡಿದ ಫ್ರೋಜನ್ ಸಿಗಡಿಗೆ ನೀರು ಹಿಡಿದಿಡುವ ಫಾಸ್ಫೇಟ್ ಉಪ್ಪು ಬೆರೆಸಿರುವುದುಂಟು, ಟ್ಯಾಂಕ್‌ನಲ್ಲಿ ಅದು ಪಾಚಿಗೆ ಗೊಬ್ಬರ. ಟ್ರಿಗರ್‌ಗೆ, ಪಫರ್‌ಗೆ ಸಿಪ್ಪೆ ಬೇಕೇ ಬೇಕು. ಪಫರ್‌ನ ಹಲ್ಲು ಜೀವನಪರ್ಯಂತ ಬೆಳೆಯುತ್ತದೆ, ಕಪ್ಪೆಚಿಪ್ಪು, ಏಡಿ ಕಾಲು ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದಷ್ಟು ಬೆಳೆದು ಉಪವಾಸ ಬೀಳುತ್ತದೆ. ಮಿಕ್ಕಂತೆ ಬೊಂಡಾಸ್ (ಸ್ಕ್ವಿಡ್), ಜಿಲೇಬಿ ಮೀನಿನ ಬಿಳಿ ಮಾಂಸ. ಕರಾವಳಿಯ ಎಣ್ಣೆ ಮೀನುಗಳಾದ ಬಂಗುಡೆ, ಬೂತಾಯಿ ಹಾಕಿದರೆ ನೀರಿನ ಮೇಲೆ ಜಿಡ್ಡು ಕಟ್ಟಿ ಸ್ಕಿಮ್ಮರ್ ಕೆಲವು ಗಂಟೆ ನೊರೆಯನ್ನೇ ಎತ್ತುವುದಿಲ್ಲ.

ಒಂದು ಕಿಲೋದಷ್ಟು ಮಾಡಿ ಫ್ರೀಜರ್‌ನಲ್ಲಿಡುವುದಾದರೆ ಈ ಅಳತೆ: ಸಿಪ್ಪೆ ಸಿಗಡಿ 400 ಗ್ರಾಂ, ಬೊಂಡಾಸ್ 250, ಜಿಲೇಬಿ 200, ಚಿಪ್ಪಿನಿಂದ ಬಿಡಿಸಿದ ಕಪ್ಪೆಚಿಪ್ಪಿನ ಮಾಂಸ 100, ನೋರಿ 8 ಹಾಳೆ ಹರಿದು. ಮಿಕ್ಸಿಯಲ್ಲಿ ಚಟ್ನಿಯಂತೆ ರುಬ್ಬಬೇಡಿ. ಪಲ್ಸ್ ಒತ್ತಿ ಕಡಲೆಕಾಳು ಗಾತ್ರಕ್ಕೆ ನಿಲ್ಲಿಸಿ, ನುಣ್ಣಗಾದರೆ ಅರ್ಧ ನೀರಿಗೇ ಕರಗಿ ಹೋಗುತ್ತದೆ. 150 ಮಿ.ಲೀ. ಬಿಸಿನೀರಿನಲ್ಲಿ 20 ಗ್ರಾಂ ಜೆಲಾಟಿನ್ ಕರಗಿಸಿ, ಸ್ವಲ್ಪ ಆರಿದ ಮೇಲೆ ಬೆರೆಸಿ, ಬಿ1 ಇರುವ ಮೀನಿನ ವಿಟಮಿನ್ ದ್ರಾವಣ ಸೇರಿಸಿ, ಜಿಪ್ ಕವರಿನಲ್ಲಿ ಬೆರಳ ದಪ್ಪಕ್ಕೆ ತಟ್ಟಿ ಫ್ರೀಜ್ ಮಾಡಿ. ಬಿ1 ಯಾಕೆ ಅಂದರೆ, ನೆತ್ತೋಲಿ, ನೀಲಿಕಲ್ಲು ಎಂಬ ಚಿಪ್ಪು ಜೀವಿ, ಗೋಲ್ಡ್‌ಫಿಶ್ ಮತ್ತು ಅದರ ಬಳಗದ ಕೆರೆ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ, ಅದು ಬಿ1 ಅನ್ನು ಒಡೆದುಹಾಕುತ್ತದೆ. ಫ್ರೀಜರ್‌ನಲ್ಲಿಟ್ಟರೂ ಅದರ ಕೆಲಸ ನಿಲ್ಲುವುದಿಲ್ಲ. ಲಯನ್‌ಫಿಶ್‌ಗೆ ತಿಂಗಳುಗಟ್ಟಲೆ ಜೀವಂತ ಗೋಲ್ಡ್‌ಫಿಶ್ ಹಾಕುವ ಅಭ್ಯಾಸ ಇನ್ನೂ ಇದೆ. ಬಿ1 ಕೊರತೆ ಒಂದು ಕಡೆ, ಲಿವರ್‌ನಲ್ಲಿ ಕೊಬ್ಬು ಇನ್ನೊಂದು ಕಡೆ, ಓಡುವ ಬೇಟೆಯನ್ನು ಅಟ್ಟಿ ಹಿಡಿಯುವ ಚಟ ಮೂರನೆಯದು. ಆ ಚಟ ಹಿಡಿದ ಮೀನಿನ ಎದುರು ಚಿಕ್ಕ ಮೀನನ್ನು ಬಿಡುವುದು ಬೇಡ.

ದೊಡ್ಡವರಿಗೆ ಬಡಿಸುವ ಸರದಿ ಹೀಗೆ. ಫಿಲ್ಟರ್‌ನಿಂದ ನೀರನ್ನು ಟ್ಯಾಂಕ್‌ಗೆ ತರುವ ರಿಟರ್ನ್ ಪಂಪ್ ಹತ್ತು ನಿಮಿಷ ಆಫ್. ನೋರಿ ಕ್ಲಿಪ್ ಎಡಕ್ಕೆ. ಅದೇ ಹೊತ್ತಿಗೆ ಪೆಲೆಟ್ ಅಥವಾ ಮೇಲಿನ ಮಿಶ್ರಣದ ಚೂರುಗಳನ್ನು ಟ್ಯಾಂಕ್‌ನ ಉದ್ದಕ್ಕೂ ಹರಡಿ ಎರಚಿ, ಒಂದೇ ಕಡೆ ಗುಡ್ಡೆ ಹಾಕಬೇಡಿ. ಟ್ರಿಗರ್ ಅಲ್ಲಿ ತೊಡಗಿರುವಾಗ ಬಲತುದಿಯಲ್ಲಿ 40 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಚಿಮ್ಮಟದಿಂದ ಲಯನ್‌ಫಿಶ್‌ಗೆ, ಈಲ್‌ಗೆ. ಲಯನ್‌ಫಿಶ್ ನಿಧಾನದ ಮೀನು, ಚೂರನ್ನು ಸ್ವಲ್ಪ ಅಲ್ಲಾಡಿಸಿ ಮುಖದ ಮುಂದೆ ಹಿಡಿಯಬೇಕು. ವಾರಕ್ಕೆ ಮೂರು ಸಲ, ಕಣ್ಣಿನ ಗಾತ್ರದ ಎರಡು ಮೂರು ಚೂರು ಸಾಕು. ಈಲ್‌ಗೂ ವಾರಕ್ಕೆ ಎರಡು ಮೂರು ಸಲ, ಅದರ ತಲೆಯ ಅಗಲ ಮೀರದ ತುಂಡು. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ವಾಸನೆ ಬಂದ ಮೇಲೆ ಚಿಮ್ಮಟವೂ ಬೆರಳೂ ಅದಕ್ಕೆ ಒಂದೇ. ಟ್ರಿಗರ್, ಏಂಜೆಲ್, ಟ್ಯಾಂಗ್‌ಗೆ ದಿನವೂ ಎರಡು ಮೂರು ಸಲ. ಪಂಪ್ ಮತ್ತೆ ಹಾಕುವುದು ಮರೆತುಹೋಗುವ ಕೆಲಸ, ಟೈಮರ್ ಸ್ವಿಚ್ ಇಟ್ಟುಕೊಂಡರೆ ನೆಮ್ಮದಿ.

ಹೊಟ್ಟೆ ತುಂಬಿಸಿದರೆ ಜಗಳ ನಿಲ್ಲುತ್ತದೆ ಎಂಬ ಮಾತು ಅರ್ಧ ನಿಜ. ಹೊಟ್ಟೆ ತುಂಬಿದ ಟ್ರಿಗರ್ ತನ್ನ ಗುಹೆಯನ್ನೇನೂ ಬಿಟ್ಟುಕೊಡುವುದಿಲ್ಲ. ಒಂದೇ ಸಲ ಸುರಿಯುವ ಬದಲು ಅಷ್ಟೇ ಊಟವನ್ನು ಮೂರು ಹೊತ್ತಿಗೆ ಹಂಚಿ, ಎರಡು ಕಡೆ ಹಾಕಿದರೆ ಊಟದ ಜಗಳ ಕರಗುತ್ತದೆ. ಜಾಗದ ಜಗಳಕ್ಕೆ ಬೇರೆ ಮದ್ದು: ಬಾಗಿಲು ತೆಗೆಯುವ ದಿನ ಬೆಳಿಗ್ಗೆ ಬಂಡೆಗಳನ್ನು ಅದಲುಬದಲು ಮಾಡಿ. ಹಳೆಯ ಗಡಿಗಳೆಲ್ಲ ಅಳಿಸಿಹೋಗಿ ಎಲ್ಲರೂ ಹೊಸ ಜಾಗ ಹುಡುಕುತ್ತಾರೆ. ಹೆಚ್ಚುವರಿ ಬಂಡೆ ಬೇಕಾದರೆ ಸಿರಾಮಿಕ್ ಅಥವಾ ಸಿಮೆಂಟಿನದ್ದು ಕೊಳ್ಳಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಅಂಗಡಿಯಲ್ಲಿ ಹವಳದ ತುಂಡು ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಬಾಗಿಲು ತೆಗೆಯುವುದು ಸಂಜೆ, ಊಟ ಆಗಿ ದೀಪ ಮಂದವಾದ ಮೇಲೆ. ಬಾಗಿಲಿಗೆ ನೈಲಾನ್ ದಾರ ಕಟ್ಟಿ ಮೇಲಿಂದಲೇ ಎಳೆಯಿರಿ, ಲಯನ್‌ಫಿಶ್ ಹತ್ತಿರ ಇರುವಾಗ ಕೈ ಇಳಿಸಬೇಡಿ. ಮುಳ್ಳು ಚುಚ್ಚಿದರೆ ಗಾಯವನ್ನು 43ರಿಂದ 45 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು. ಬಿಸಿಯನ್ನು ಬೇರೊಬ್ಬರ ಕೈ ನೋಡಿ ಹೇಳಲಿ, ಚುಚ್ಚಿದ ಕೈಗೆ ಸುಡುವುದು ತಿಳಿಯುವುದಿಲ್ಲ. ಜೊತೆಗೆ ಆಸ್ಪತ್ರೆಗೆ ಹೋಗುವುದು ತಪ್ಪಿಸಬಾರದು.

ಮುಂದಿನ ಇಪ್ಪತ್ತು ನಿಮಿಷ ಕೂತು ನೋಡಿ. ಅಟ್ಟಿಸಿ ನಿಲ್ಲಿಸಿದರೆ, ಬಾಲ ಬೀಸಿ ತಿರುಗಿದರೆ ಅದು ಮಾಮೂಲಿ. ರೆಕ್ಕೆ ಹರಿದರೆ, ಮೂಲೆಗೆ ಒತ್ತಿ ಬಿಡದೆ ಹೊಡೆದರೆ, ಹೊಸ ಮೀನು ನೀರಿನ ಮೇಲ್ಮೈಗೆ ಬಂದು ಉಬ್ಬಸ ಪಟ್ಟರೆ ನಿಲ್ಲಿಸಬೇಕು. ಆಗ ಪೆಟ್ಟಿಗೆಗೆ ಹೋಗಬೇಕಾದವರು ಹೊಡೆಸಿಕೊಂಡವರಲ್ಲ, ಹೊಡೆದವರು. ದಾಂಡಿಗನನ್ನು ಒಂದು ವಾರ ಪೆಟ್ಟಿಗೆಯಲ್ಲಿ ಕೂರಿಸಿದರೆ ಅಷ್ಟರಲ್ಲಿ ಹೊಸಬ ಜಾಗ ಹಿಡಿದಿರುತ್ತಾನೆ, ಹೊರಗೆ ಬಂದ ಹಳಬನೇ ಹೊಸಬನಂತೆ ತಿರುಗುತ್ತಾನೆ. ಈ ಉಪಯೋಗಕ್ಕೆ 45 ಸೆಂ.ಮೀ. ಪೆಟ್ಟಿಗೆ 15ರಿಂದ 18 ಸೆಂ.ಮೀ. ಮೀನಿನವರೆಗೆ ಸಾಲುತ್ತದೆ. ಟ್ಯಾಂಗ್–ಏಂಜೆಲ್ ಜಗಳಕ್ಕೆ ಗಾಜಿನ ಹೊರಗಡೆ ಒಂದಡಿ ಕನ್ನಡಿ ಅಂಟಿಸುವುದೂ ಒಂದು ಉಪಾಯ, ತನ್ನ ಬಿಂಬದ ಮೇಲೆ ಕೋಪ ತೀರಿಸಿಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಗಂಟೆ ಸಾಕು, ಇಡೀ ದಿನ ಬಿಟ್ಟರೆ ಅದೇ ಸುಸ್ತಾಗಿ ಊಟ ಬಿಡುತ್ತದೆ.

ಪೆಟ್ಟಿಗೆಯ ಮಿತಿಯನ್ನೂ ಹೇಳಬೇಕು. ಕಿತ್ತಳೆ ಗೆರೆಯ ಅಂಡುಲೇಟೆಡ್ ಟ್ರಿಗರ್ ಇರುವ ಟ್ಯಾಂಕ್‌ಗೆ ಇದು ಪರಿಹಾರವಲ್ಲ, ಆ ಮೀನನ್ನು ಒಂಟಿಯಾಗಿ ಇಡುವುದೇ ಸರಿ. ಲಯನ್‌ಫಿಶ್‌ನ ಬಾಯಿಗೆ ಹಿಡಿಸುವ ಮೀನನ್ನು ಹದಿನಾಲ್ಕು ದಿನವಲ್ಲ, ಹದಿನಾಲ್ಕು ತಿಂಗಳು ಪರಿಚಯಿಸಿದರೂ ಅದು ಊಟವೇ. ಟ್ರಿಗರ್, ಪಫರ್ ಎರಡೂ ಲಯನ್‌ಫಿಶ್‌ನ ಉದ್ದ ರೆಕ್ಕೆಯನ್ನು ಚೂರು ಚೂರೇ ಕಚ್ಚುವ ಜಾತಿ. ಈ ಮೂವರನ್ನು ಒಟ್ಟಿಗೆ ಇಟ್ಟಿದ್ದರೆ ವಾರಕ್ಕೊಮ್ಮೆ ರೆಕ್ಕೆಯ ತುದಿ ಪರೀಕ್ಷಿಸುವುದು ತಪ್ಪದು, ಹಸಿ ಗಾಯ ಕಂಡರೆ ಲಯನ್‌ಫಿಶ್‌ಗೆ ಬೇರೆ ಟ್ಯಾಂಕ್.

ಈ ಎರಡು ವಾರ ಊಟ ಹೆಚ್ಚು ಬೀಳುವುದರಿಂದ ಅಮೋನಿಯಾ ಟೆಸ್ಟ್ ಎರಡು ದಿನಕ್ಕೊಮ್ಮೆ ಮಾಡಿ, ಸೊನ್ನೆ ಬಿಟ್ಟು ಏನು ಕಂಡರೂ ಊಟ ಅರ್ಧಕ್ಕಿಳಿಸಿ ನೀರು ಬದಲಿಸಿ. ಬದಲಿಸುವ ನೀರಿಗೆ ಬೋರ್‌ವೆಲ್ ನೇರ ಬೇಡ. ನಮ್ಮ ಜಿಲ್ಲೆಯ ಬೋರ್ ನೀರಿನ ಗಡಸುತನ, ಫ್ಲೋರೈಡ್ ಹೊಸ ಸಂಗತಿಯಲ್ಲ, ಪಾವಗಡದ ಕಡೆಯವರಿಗಂತೂ ಹೇಳಬೇಕಾಗಿಯೇ ಇಲ್ಲ. ಹೇಮಾವತಿ ನಲ್ಲಿ ನೀರಾದರೂ ಕ್ಲೋರಿನ್ ಇರುತ್ತದೆ. ಆರ್‌ಒ, ಅದರ ಮುಂದೆ ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳದ ಫಿಲ್ಟರ್, ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆ. ಆಮೇಲೆ ಸಾಲ್ಟ್ ಬೆರೆಸಿ ಸಾಂದ್ರತೆ 1.025.

ಕೆಲಸ ಮುಗಿದ ಪೆಟ್ಟಿಗೆಯನ್ನು ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಸುಣ್ಣದ ಪಾಚಿ ಬಿಡುತ್ತದೆ. ಗಾಜು ಒರೆಸುವ ಸ್ಪ್ರೇ, ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಬೇಡಿ, ತೂತಿನ ಸುತ್ತ ಜೇಡರ ಬಲೆಯಂಥ ಬಿರುಕು ಬರುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಕೂಡ ಬೇಡ, ಮೆತ್ತನೆ ಬಟ್ಟೆ ಸಾಕು. ಒಣಗಿಸಿದ ಮೇಲೆ ಬಾಗಿಲು, ಪಿವಿಸಿ ಪೈಪ್, ದಾರ ಮೂರನ್ನೂ ಪೆಟ್ಟಿಗೆಯೊಳಗೇ ಹಾಕಿ ಮುಚ್ಚಿಡಿ. ರಾತ್ರಿ ಹತ್ತಕ್ಕೆ ಜಗಳ ಎದ್ದಾಗ ಮೊದಲು ಕಾಣೆಯಾಗುವುದು ಆ ಪೈಪಿನ ತುಂಡು.